ಬ್ಯಾಡಗಿಗೆ ಕಪ್ಪು, ರಾಣೆಬೆನ್ನೂರಿಗೆ ಬಸಿ

ಬ್ಯಾಡಗಿ
12-6-2023

ಗಂಗಾ,

ಪತ್ರ ನೋಡಿ ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿನ್ನ ಭಾವನ ಸಿಟ್ಟು ಕ್ಷೇಮ, ನನ್ನ ಮೊಣಕಾಲು ನೋವೂ ಕ್ಷೇಮ.

ನೀನೀಗ ಬಾಗಿಲ ಹಿಂದೆ ನಿಂತು ಓದುತ್ತಾ, ಅಕ್ಕ ಆಣೆ ಮುರಿದಳು ಅಂತ ಎದೆ ಬಡಿದುಕೊಳ್ಳುತ್ತಿದ್ದೀ ಅಂತ ಗೊತ್ತು. ಮುರಿದಿಲ್ಲ. ನಮ್ಮ ಗಂಡಂದಿರು, ಅಣ್ಣ ತಮ್ಮ, ಬೇರೆಯಾದ ದಿನ ನಮ್ಮಿಬ್ಬರನ್ನೂ ದೇವರ ಮನೆಗೆ ಕರೆದು ಏನಂತ ಆಣೆ ಹಾಕಿಸಿದರು, ನೆನಪು ಮಾಡಿಕೋ. ಒಬ್ಬರ ಜೊತೆ ಒಬ್ಬರು ಮಾತಾಡುವಂತಿಲ್ಲ. ಫೋನ್ ಮಾಡುವಂತಿಲ್ಲ. ಒಬ್ಬರ ಮನೆ ಹೊಸ್ತಿಲು ಒಬ್ಬರು ತುಳಿಯುವಂತಿಲ್ಲ. ಪತ್ರದ ಮಾತು ಯಾರೂ ಎತ್ತಲಿಲ್ಲ. ಈ ಕಾಲದಲ್ಲಿ ಹೆಂಗಸರು ಕೂತು ಪತ್ರ ಬರೆದಾರು ಅಂತ ಆ ಇಬ್ಬರು ಜಾಣರಿಗೆ ಹೊಳೆಯಲಿಲ್ಲ. ನನಗೆ ಹೊಳೆಯಲು ಒಂದು ವರ್ಷ ಹಿಡಿಯಿತಲ್ಲ, ಅದು ನಾಚಿಕೆ.

ವಿಷಯ ಇಷ್ಟೇ. ಮಧು ಹಾಲು ಕುಡಿಯುತ್ತಿದ್ದ ಕಪ್ಪು ಒಡೆಯಿತು.

ಹನುಮಪ್ಪ ಕಾಕಾ ಪಾಲು ಮಾಡಿದ್ದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೊದಲು ನಗು ಬರುತ್ತದೆ, ಆಮೇಲೆ ಅಳು. ಕುಪ್ಪೇಲೂರಿನಿಂದ ಬಂದು ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, 'ನನ್ನ ಕೈಯಾಗ ಒಂದು ಚಮಚಾ ಸೈತ ಹೆಚ್ಚುಕಡಿಮಿ ಆಗಂಗಿಲ್ಲ' ಅಂದ ಪುಣ್ಯಾತ್ಮ, ಅತ್ತೆ ಹಾವೇರಿಯಿಂದ ತಂದಿದ್ದ ನೀಲಿ ಹೂವಿನ ಚಹಾ ಸೆಟ್ಟು ಮುಂದೆ ಬಂದಾಗ ಏನು ಮಾಡಿದ? ಆರು ಕಪ್ಪು, ಆರು ಬಸಿ, ಒಟ್ಟು ಹನ್ನೆರಡು ಸಾಮಾನು ಅಂತ ಎಣಿಸಿ ಕಪ್ಪೆಲ್ಲ ನಮ್ಮ ಕಡೆ ದಬ್ಬಿದ, ಬಸಿ ಎಲ್ಲ ನಿಮ್ಮ ಕಡೆ ದಬ್ಬಿದ. ಯಾರೂ ತಡೆಯಲಿಲ್ಲ. ಆ ಹೊತ್ತಿಗೆ ಆಡಬಾರದ ಮಾತೆಲ್ಲ ಆಡಿ ಮುಗಿದಿತ್ತು. ಪುಂಡಲೀಕ ಮೆಣಸಿನಕಾಯಿ ದಲಾಲಿ ಅಂಗಡಿ ಬಿಟ್ಟು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಡುತ್ತೇನೆ ಅಂದದ್ದಕ್ಕೆ ಶುರುವಾದ ಜಗಳ ಎಲ್ಲಿಗೆ ಬಂತು ನೋಡು. ನಿನ್ನ ಭಾವ, 'ನಿನ್ನ ಹೇಣ್ತಿ ಹಡದಾಳಷ್ಟ, ಕೂಸಿನ್ನ ಜ್ವಾಕಿ ಮಾಡಿದಾಕಿ ನನ್ನ ಹೇಣ್ತಿ' ಅಂದುಬಿಟ್ಟರು. ಪುಂಡಲೀಕ, 'ಹಂಗಾದ್ರ ಇನ್ನ ಆ ಕೂಸಿನ ಮಾರಿ ನೋಡಬ್ಯಾಡ್ರಿ' ಅಂದ. ಮಕ್ಕಳಿಲ್ಲದ ನನ್ನ ಮಡಿಲಿಂದ ಮಧು ಎದ್ದು ಹೋದದ್ದು ಹೀಗೆ.

ಆ ಆರರಲ್ಲಿ ಅವಳದು ಯಾವುದು ಅಂತ ನಿನಗೂ ಗೊತ್ತು, ನೀಲಿ ಹೂವಿನ ಒಂದು ಎಸಳು ಅಳಿಸಿಹೋಗಿದ್ದದ್ದು. ಅವಳು ಹೋದ ಮೇಲೆ ಅದರಲ್ಲಿ ಯಾರಿಗೂ ಚಹಾ ಕೊಟ್ಟಿರಲಿಲ್ಲ. ಮೊನ್ನೆ ಒರೆಸಿ ಇಡುವಾಗ ಕೈ ಜಾರಿತು. ಹಿಡಿಕೆ ಹೋಯಿತು, ಅಂಚಿನ ಒಂದು ಚೂರೂ ಹೋಯಿತು. ಒಡೆದದ್ದನ್ನು ದೀಪ ಹಚ್ಚುವ ಮೊದಲು ಮನೆಯಿಂದ ಹೊರಗೆ ಹಾಕಬೇಕು ಅನ್ನುವುದು ಅತ್ತೆಯ ಕಾಲದಿಂದ ನಡೆದು ಬಂದದ್ದು. ತಿಪ್ಪೆಯ ತನಕ ಹೋದೆ. ಒಗೆಯಲು ಕೈ ಬರಲಿಲ್ಲ ಗಂಗಾ. ವಾಪಸು ತಂದು, ಅಂಗಳದ ಮಣ್ಣು ತುಂಬಿ, ಪಕ್ಕದ ಮನೆಯಿಂದ ಟೇಬಲ್ ರೋಸಿನ ಒಂದು ಟಿಸಿಲು ಮುರಿದು ತಂದು ನೆಟ್ಟೆ. ಕಾಂಪೌಂಡ್ ಗೋಡೆಯ ಮೇಲೆ ಇಟ್ಟಿದ್ದೇನೆ. ಗೋಡೆ ಮನೆಯ ಹೊರಗೇ ತಾನೇ?

ನಿನ್ನ ಭಾವ ನೋಡಿ, 'ಒಡಕು ಸಾಮಾನು ಇಟ್ಕೊಂಡು ಏನ್ ಮಾಡ್ತಿ, ಚೆಲ್ಲು' ಅಂದರು. 'ಅದು ಈಗ ಸಾಮಾನಲ್ರಿ, ಗಿಡ' ಅಂದೆ.

ಮಧು ಶಾಲೆಯಲ್ಲಿ ಎರಡನೇ ಇಯತ್ತೆಗೆ ಹೋದಳಲ್ಲ? ಹಾಲು ಈಗ ಯಾವುದರಲ್ಲಿ ಕುಡಿಯುತ್ತಾಳೆ? ಇಷ್ಟಕ್ಕೆ ಉತ್ತರ ಬರೆದರೆ ಸಾಕು.

ಇನ್ನೂ ಅಕ್ಕ ಅಂದುಕೊಂಡೇ ಇರುವ
ನಾಗಲಕ್ಷ್ಮಿ


ರಾಣೆಬೆನ್ನೂರು
3-7-2023

ಅಕ್ಕಾ,

ನಿಮ್ಮ ಪತ್ರ ಅಂಗಡಿಯ ವಿಳಾಸಕ್ಕೇ ಬಂತು. ಪುಣ್ಯಕ್ಕೆ ಇವರು ಮೇಡ್ಲೇರಿಗೆ ಹೋಗಿದ್ದರು, ಅಲ್ಲೊಬ್ಬರು ರೈತರು ಬೀಜ ಸರಿಯಾಗಿ ಹುಟ್ಟಿಲ್ಲ ಅಂತ ತಕರಾರು ತೆಗೆದಿದ್ದಾರೆ. ಇನ್ನು ಮುಂದೆ ತರನ್ನುಮ್ ಕೈಯಲ್ಲಿ ಕೊಡಿ. ಹಾವೇರಿಯಲ್ಲಿ ನಾವು ಬಳೆ ಇಡಿಸಿಕೊಳ್ಳುತ್ತಿದ್ದೆವಲ್ಲ, ಅದೇ ತರನ್ನುಮ್. ಅಂಗಡಿಯನ್ನು ತಮ್ಮನಿಗೆ ಬಿಟ್ಟು ತಿಂಗಳಿಗೊಮ್ಮೆ ಬಳೆಯ ಗಂಟು ಹೊತ್ತು ನಮ್ಮ ಓಣಿಗೂ ಬರುತ್ತಾಳೆ, ಬ್ಯಾಡಗಿಗೂ ಹೋಗುತ್ತಾಳಂತೆ. ಬಾಯಿ ಬಿಡುವವಳಲ್ಲ.

ನೀವು ಬಸಿಯ ಸುದ್ದಿ ಬರೆದಿರಿ. ಆರೂ ಅಂಗಡಿಯಲ್ಲಿವೆ. ಕಪ್ಪಿಲ್ಲದ ಬಸಿ ಏನಕ್ಕೆ ಬರುತ್ತದೆ ಅಂತ ನಾನು ಅಟ್ಟಕ್ಕೆ ಹಾಕಿದ್ದೆ. ಇವರು ತೆಗೆದುಕೊಂಡು ಹೋಗಿ ಒದ್ದೆ ಬಟ್ಟೆ ಹಾಸಿ ಬೀಜ ಹಾಕಿ ಇಡುತ್ತಾರೆ, ಎಷ್ಟು ಮೊಳಕೆ ಬರುತ್ತವೆ ಅಂತ ನೋಡಲು. ಒಂದರಲ್ಲಿ ಟೊಮೇಟೊ, ಒಂದರಲ್ಲಿ ಬದನೆ. ಹಾಗಾಗಿ ಅವು ಹಾಳಾಗಿಲ್ಲ, ದುಡಿಯುತ್ತಿವೆ.

ಮಧು ಸ್ಟೀಲ್ ಲೋಟದಲ್ಲಿ ಕುಡಿಯುತ್ತಾಳೆ. ಅರ್ಧ ಬಿಡುತ್ತಾಳೆ. ಒಂದು ದಿನ ಅಂಗಡಿಯಿಂದ ಒಂದು ಬಸಿ ತಂದು, ಹಾಲು ಸುರಿದು ಊದಿ ಕೊಟ್ಟೆ. ಒಂದು ಗುಟುಕು ಕುಡಿದು, 'ದೊಡ್ಡವ್ವ ಹಿಂಗ ಊದೂದಿಲ್ಲ' ಅಂದಳು. ಊದುವುದರಲ್ಲಿ ಏನಿರುತ್ತದೆ ಅಕ್ಕಾ? ನನಗೆ ಆ ಬಸಿಯನ್ನು ನೆಲಕ್ಕೆ ಕುಕ್ಕಬೇಕು ಅನ್ನಿಸಿತು.

ಬಾಣಂತಿತನದಲ್ಲಿ ನಾನು ಹಾಸಿಗೆ ಹಿಡಿದಾಗ ಅವಳನ್ನು ಎತ್ತಿಕೊಂಡವರು ನೀವು. ನಾನು ಎದ್ದು ಓಡಾಡುವ ಹೊತ್ತಿಗೆ ಅವಳಿಗೆ ನಿಮ್ಮ ಸೊಂಟ ಒಗ್ಗಿಹೋಗಿತ್ತು. ಭಾವ ಅಂದ ಮಾತು ಸುಳ್ಳಲ್ಲ. ಸುಳ್ಳಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಕಪ್ಪಿನ ತಳಕ್ಕೆ ತೂತು ಮಾಡಿದ್ದೀರೋ ಇಲ್ಲವೋ? ನೀರು ಇಳಿದು ಹೋಗದಿದ್ದರೆ ಬೇರು ಕೊಳೆಯುತ್ತದೆ. ಇವರು ರೈತರಿಗೆ ಹೇಳುವುದನ್ನು ಕೇಳಿ ಕೇಳಿ ನನಗೂ ಅಷ್ಟು ತಿಳಿದಿದೆ.

ನಿಮ್ಮ
ಗಂಗಾ


ಬ್ಯಾಡಗಿ
28-8-2023

ಗಂಗಾ,

ನಿನ್ನ ಮಾತು ಬರುವಷ್ಟರಲ್ಲಿ ನನ್ನ ಟೇಬಲ್ ರೋಸು ಕೊಳೆತು ನಾರುತ್ತಿತ್ತು. ತೂತು ಮಾಡಲು ಮೊಳೆ ಇಟ್ಟು ಕಲ್ಲಿನಿಂದ ಬಡಿಯಲು ಕೂತೆ. ನಿನ್ನ ಭಾವ ವರಾಂಡದಲ್ಲಿ ಪೇಪರು ಓದುತ್ತಿದ್ದವರು ತಡೆಯಲಾರದೆ ಎದ್ದು ಬಂದು, 'ಹಂಗ ಬಡದ್ರ ಚೂರ್ ಚೂರ್ ಆಗ್ತೈತಿ, ಸರಿ ಆಕಡೆ' ಅಂದರು. ಕಪ್ಪನ್ನು ಒದ್ದೆ ಮರಳಿನಲ್ಲಿ ಬೋರಲು ಹುಗಿದು, ಮೇಲೆ ಚಿಟಿಕೆ ಮರಳು ಹಾಕಿ, ಮೊಳೆಯನ್ನು ಅಂಗೈಯಲ್ಲಿ ತಿರುವುತ್ತಾ ಕೂತರು. ಚೂರೂ ಬಡಿಯಲಿಲ್ಲ, ತಿರುವಿದ್ದೇ ತಿರುವಿದ್ದು. ಚಹಾ ಆರಿಹೋಯಿತು, ಅಂಗಡಿಗೆ ಹೊತ್ತಾಯಿತು, ಏಳಲಿಲ್ಲ. ಒಂದು ತೂತು ಆಯಿತು. ಅದರ ಪಕ್ಕದಲ್ಲೇ ಇನ್ನೊಂದಕ್ಕೆ ಶುರು ಮಾಡಿದರು. 'ಒಂದು ಸಾಕಲ್ರಿ' ಅಂದೆ. 'ಎರಡು ಇರಬೇಕು' ಅಂದರು. ಯಾಕೆ ಅಂತ ಕೇಳಿದರೆ, ಅದನ್ನೂ ಕೊರೆದು ಮುಗಿಸಿ ಎದ್ದು ಹೋಗಿಬಿಟ್ಟರು.

ಮಾಡಿದ ತಪ್ಪೆಂದರೆ ಈ ಕಥೆಯನ್ನು ನಾನು ಪಕ್ಕದ ಮನೆಯವರಿಗೆ ಹೇಳಿದ್ದು. ಈಗ ಓಣಿಯಲ್ಲಿ ಯಾರ ಮನೆಯಲ್ಲಿ ಏನು ಒಡೆದರೂ ನನ್ನ ಬಾಗಿಲಿಗೆ ಬರುತ್ತದೆ. ಹೋಟೆಲ್ಲಿನ ಉಡಚಪ್ಪ ಹಿಡಿಕೆ ಹೋದ ಕಪ್ಪುಗಳನ್ನು ಸಿಮೆಂಟಿನ ಚೀಲದಲ್ಲಿ ತುಂಬಿ ಕಳಿಸಿದ. ಒಬ್ಬಾಕೆ ಬಾಯಿ ಒಡೆದ ಉಪ್ಪಿನಕಾಯಿ ಬರಣಿ ಕೊಟ್ಟಳು. ಅದನ್ನು ಮೆಟ್ಟಿಲ ಹತ್ತಿರ ಅಡ್ಡ ಮಲಗಿಸಿ ಟೇಬಲ್ ರೋಸು ನೆಟ್ಟಿದ್ದೇನೆ, ಬರಣಿಯಿಂದ ಹೂ ಚೆಲ್ಲಿದ ಹಾಗೆ ಕಾಣುತ್ತದೆ. ಮೂತಿ ಮುರಿದ ಚಹಾ ಕಿಟ್ಲಿಯಲ್ಲಿ ದೊಡ್ಡಪತ್ರೆ. ಪಿಂಗಾಣಿ ತಾಟಿನ ಚೂರುಗಳನ್ನು ತುಳಸಿಕಟ್ಟೆಯ ಸುತ್ತ ಮಣ್ಣಿನಲ್ಲಿ ಸಾಲಾಗಿ ಚುಚ್ಚಿದ್ದೇನೆ. ತುಳಸಿಯನ್ನು ಮಾತ್ರ ಒಡಕಿನಲ್ಲಿ ಹಾಕಿಲ್ಲ, ಅಷ್ಟು ಭಯ ಇದೆ. ತೂತೆಲ್ಲ ನಿನ್ನ ಭಾವನದೇ. ಎಲ್ಲಕ್ಕೂ ಎರಡೆರಡು.

ಒಂದು ತಮಾಷೆ ಕೇಳು. ನಮ್ಮ ಅಂಗಳದ ಮಣ್ಣು ಯಾವುದಕ್ಕೆ ತುಂಬಿದರೂ ಮೆಣಸಿನ ಸಸಿ ಹುಟ್ಟುತ್ತದೆ. ಕೊತ್ತಂಬರಿ ಹಾಕಿದೆ, ಮೆಣಸು ಬಂತು. ದವನ ಹಾಕಿದೆ, ಮೆಣಸು ಬಂತು. ಎಷ್ಟು ವರ್ಷದಿಂದ ಈ ಅಂಗಳದಲ್ಲಿ ಚೀಲ ಜಾಡಿಸಿದ್ದೇವೆ, ಬೀಜ ಎಲ್ಲಿ ಹೋಗಬೇಕು? ಕಿತ್ತು ಕಿತ್ತು ಸಾಕಾಯಿತು.

ಮಧುವಿನ ಕಪ್ಪಿನಲ್ಲಿ ಬೇರೆ ಟೇಬಲ್ ರೋಸು ಚಿಗುರಿದೆ. ತರನ್ನುಮ್ ಕೈಯಲ್ಲಿ ಕಳಿಸಿದ್ದೇನೆ. ಅವಳದು, ಅವಳ ಹತ್ತಿರವೇ ಇರಲಿ. ನೀರು ಹಾಕಿದರೆ ಕೆಳಗೆ ಸೋರುತ್ತದೆ, ಒಂದು ಬಸಿ ಇಡು. ಬಸಿ ನಿಮ್ಮ ಪಾಲಿಗೆ ಬಂದದ್ದು ಒಳ್ಳೆಯದೇ ಆಯಿತಲ್ಲ, ಹನುಮಪ್ಪ ಕಾಕಾನನ್ನು ಇನ್ನು ಬೈಯುವುದಿಲ್ಲ.

ನಾಗಲಕ್ಷ್ಮಿ


ರಾಣೆಬೆನ್ನೂರು
19-10-2023

ಅಕ್ಕಾ,

ತಡವಾಯಿತು. ಮೂರು ಸಲ ಬರೆದು ಹರಿದೆ.

ಕಪ್ಪು ಬಂದ ದಿನ ನಾನು ಅದನ್ನು ಅಂಗಡಿಯ ಹಿಂದಿನ ಮೆಟ್ಟಿಲಿನಲ್ಲಿ ಇಟ್ಟಿದ್ದೆ, ಹಗುರಾಗಿ ಹೇಳೋಣ ಅಂತ. ಮಧು ಸ್ಕೂಲಿನಿಂದ ಬಂದವಳು ಚೀಲ ಇಳಿಸುವ ಮೊದಲೇ ಕಂಡುಹಿಡಿದಳು. ಎಸಳು ಅಳಿಸಿದ ಜಾಗಕ್ಕೆ ಬೆರಳಿಟ್ಟು, 'ಇದು ನಂದು' ಅಂದಳು. ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು, ಊಟಕ್ಕೂ ಬಿಡಲಿಲ್ಲ. ಆಮೇಲೆ ಶುರುವಾಯಿತು. ದೊಡ್ಡವ್ವ ಯಾಕೆ ಬರಲಿಲ್ಲ, ಗಿಡ ಬಂತು, ಅವಳು ಯಾಕೆ ಬರಲಿಲ್ಲ. ಒಂದು ವಾರ ಇದೇ. ಗಿಡಕ್ಕೆ ನಾನು ನೀರು ಹಾಕಲು ಹೋದರೆ ನನ್ನ ಕೈ ತಳ್ಳುತ್ತಾಳೆ. ಅವಳು ಹಾಕಿದ ನೀರು ಹೆಚ್ಚಾಗಿ ಟೇಬಲ್ ರೋಸು ಸತ್ತಿತು. ಅದಕ್ಕೂ ಅತ್ತಳು. ಅದರ ಬುಡದಲ್ಲಿ ಈಗ ನಿಮ್ಮ ಅಂಗಳದ ಮೆಣಸು ಹುಟ್ಟಿದೆ.

ಇವರು ನೋಡಿದರು. 'ಈ ಕಪ್ಪು ಎಲ್ಲಿಂದ ಬಂತು?' ಅಂದರು. 'ತರನ್ನುಮ್ ಕೊಟ್ಲು' ಅಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. 'ಮೆಣಸಿನ ಸಸಿಗೆ ಬಿಸಿಲು ಬೇಕು' ಅಂದು ಎತ್ತಿ ಕಿಟಕಿಯಲ್ಲಿ ಇಟ್ಟರು.

ಅಕ್ಕಾ, ನಿಮಗೆ ಬೇಸರವಾಗುತ್ತದೆ, ಆದರೂ ಬರೆಯುತ್ತೇನೆ. ಒಂದೂವರೆ ವರ್ಷದಿಂದ ನಾನು ಅವಳಿಗೆ ಅವ್ವ ಆಗಲು ಒದ್ದಾಡುತ್ತಿದ್ದೇನೆ. ಜಡೆ ಹಾಕುವುದು ಕಲಿತೆ, ಅವಳಿಗೆ ಹಿಡಿಸುವ ಸಾರು ಕಲಿತೆ. ಈಗೀಗ ಹೆದರಿದಾಗ ನನ್ನ ಸೆರಗು ಹಿಡಿಯುತ್ತಿದ್ದಳು. ಒಂದು ಕಪ್ಪು ಬಂತು, ಎಲ್ಲ ಮೊದಲಿನ ಜಾಗಕ್ಕೆ ಹೋಯಿತು. ನನಗೆ ಹೊಟ್ಟೆಕಿಚ್ಚು. ನಿಮ್ಮ ಮೇಲೆ, ನಿಮ್ಮಂಥ ಅಕ್ಕನ ಮೇಲೆ. ಇದನ್ನು ಬರೆಯಲು ನನಗೇ ಅಸಹ್ಯ. ದಯವಿಟ್ಟು ಇನ್ನೇನೂ ಕಳಿಸಬೇಡಿ. ಸ್ವಲ್ಪ ದಿನವಾದರೂ.

ಬನ್ನಿ ಹಬ್ಬಕ್ಕೆ ನಿಮ್ಮಿಬ್ಬರ ಕಾಲಿಗೆ ಇಲ್ಲಿಂದಲೇ ನಮಸ್ಕಾರ.

ಗಂಗಾ


ಬ್ಯಾಡಗಿ
16-11-2023

ಗಂಗಾ,

ನೀನು ಬರೆದದ್ದು ಸರಿ. ಓದಿದಾಗ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಎರಡು ದಿನ ನಿನ್ನನ್ನು ಮನಸ್ಸಿನಲ್ಲೇ ಬೈದೆ. ಮೂರನೇ ದಿನ ಬೈಗುಳ ಸಿಗಲಿಲ್ಲ.

ಇನ್ನೇನೂ ಕಳಿಸುವುದಿಲ್ಲ.

ಗೋಡೆಯ ಕಡೆ ನಾನು ಈಗ ಹೋಗುತ್ತಿಲ್ಲ. ಗಿಡಗಳು ಒಣಗಿ ಹೋಗಬೇಕಿತ್ತು, ಒಣಗಿಲ್ಲ. ನಿನ್ನ ಭಾವ ಬೆಳಿಗ್ಗೆ ಅಂಗಡಿಗೆ ಹೋಗುವಾಗ ತಂಬಿಗೆ ಹಿಡಿದುಕೊಂಡು ಒಂದೊಂದಕ್ಕೇ ನೀರು ಹಾಕುತ್ತಾರೆ. ನಾನು ನೋಡುತ್ತಿಲ್ಲ ಅಂದುಕೊಂಡಿದ್ದಾರೆ.

ನಾಗಲಕ್ಷ್ಮಿ


ರಾಣೆಬೆನ್ನೂರು
8-1-2024

ಅಕ್ಕಾ,

ನೀವು ಉತ್ತರ ಬರೆಯದಿದ್ದರೂ ಇದನ್ನು ಪೂರ್ತಿ ಓದಿ.

ಮೊನ್ನೆ ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ಫಳ್ ಅಂತ ಸದ್ದಾಯಿತು. ಒಳಗೆ ಓಡಿದೆ. ಕಲ್ಲಂಗಡಿ ಬೀಜ ಮೊಳಕೆಗೆ ಇಟ್ಟಿದ್ದ ಬಸಿ ನೆಲದಲ್ಲಿ ಎರಡು ಹೋಳು, ಬೀಜವೆಲ್ಲ ಚೆಲ್ಲಾಪಿಲ್ಲಿ. ಮಧು ಪಕ್ಕದಲ್ಲಿ ನಿಂತಿದ್ದಳು. ಕೈ ತಪ್ಪಿ ಬಿದ್ದದ್ದಲ್ಲ, ಎತ್ತಿ ಹಾಕಿದ್ದಳು. ಹೊಡೆಯಲು ಕೈ ಎತ್ತಿದೆ. ಅವಳು ಹೆದರಲಿಲ್ಲ, ಅಳಲಿಲ್ಲ. ಆ ಎರಡು ಹೋಳನ್ನು ಜೋಡಿಸಿ ಹಿಡಿದು, 'ಇದನ್ನ ದೊಡ್ಡವ್ವಗ ಕಳಸು. ತರನ್ನುಮ್ ಚಾಚಿ ಹೇಳ್ಯಾಳ, ಊರಾಗಿನ ಒಡಕೆಲ್ಲಾ ದೊಡ್ಡವ್ವ ಇಟ್ಕೊತಾಳಂತ' ಅಂದಳು.

ಆಮೇಲೆ ಮೆಲ್ಲಗೆ ಕೇಳಿದಳು, 'ನನಗ ಏನರ ಆದ್ರ ನನ್ನೂ ಕಳಸ್ತಿಯೇನವ್ವಾ?'

ನನ್ನ ಎತ್ತಿದ ಕೈ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳನ್ನು ಅಪ್ಪಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ. ಇವರು ಹಣದ ಗಲ್ಲೆಯ ಮುಂದೆ ಕೂತವರು ಎಲ್ಲ ಕೇಳಿಸಿಕೊಂಡರು. ಎದ್ದು ಬಂದು ನೆಲದ ಮೇಲೆ ಕೂತು ಚೆಲ್ಲಿದ ಬೀಜ ಒಂದೊಂದೇ ಆರಿಸಿದರು. ತುಂಬಾ ಹೊತ್ತು ಆರಿಸಿದರು.

ನನ್ನ ಕೂಸು ನಿಮ್ಮ ಹತ್ತಿರ ಬರಲು ತಾನು ಒಡೆಯಬೇಕು ಅಂದುಕೊಂಡಿದೆ. ಇಂಥದ್ದು ಅವಳ ತಲೆಗೆ ಬರುವ ಹಾಗೆ ಮಾಡಿದವರು ನಾವು ದೊಡ್ಡವರು. ನನ್ನ ಹೊಟ್ಟೆಕಿಚ್ಚು ಇನ್ನೂ ಇದೆ, ಎಲ್ಲೂ ಹೋಗಿಲ್ಲ. ಆದರೆ ಅದನ್ನು ನಾನು ನೋಡಿಕೊಳ್ಳುತ್ತೇನೆ, ಅವಳು ಯಾಕೆ ಹೊರಬೇಕು?

ಸಂಕ್ರಾಂತಿ ಮುಗಿದ ಮೇಲೆ, ಇಪ್ಪತ್ತೊಂದನೇ ತಾರೀಖು ಐತವಾರ, ಮಧುವನ್ನು ಕರೆದುಕೊಂಡು ಹಾವೇರಿಗೆ ಬರುತ್ತೇನೆ, ತರನ್ನುಮ್ ಅಂಗಡಿಗೆ, ಬಳೆ ಇಡಿಸಲು. ಅದು ನಿಮ್ಮ ಹೊಸ್ತಿಲೂ ಅಲ್ಲ, ನಮ್ಮ ಹೊಸ್ತಿಲೂ ಅಲ್ಲ. ನಾವಿಬ್ಬರೂ ಮಾತಾಡುವುದು ಬೇಡ. ಆಣೆ ಹಾಕಿದವರು ನೀವು ಮತ್ತು ನಾನು. ಮಧು ಹಾಕಿಲ್ಲ.

ಬನ್ನಿ ಅಕ್ಕಾ.

ನಿಮ್ಮ
ಗಂಗಾ


ಬ್ಯಾಡಗಿ
24-1-2024

ಗಂಗಾ,

ಎದುರಿಗೆ ಕೂತು ಒಂದು ಮಾತೂ ಆಡದೆ ಬಂದು, ಈಗ ಬರೆಯಲು ಕೂತರೆ ಯಾವುದು ಮೊದಲು ಅಂತ ತಿಳಿಯುತ್ತಿಲ್ಲ.

ಎಷ್ಟು ಸೊರಗಿದ್ದೀ. ಅದು ಮೊದಲು.

ಮಧು ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಒಂದು ಕ್ಷಣ ನಾಚಿದಳಲ್ಲ, ಆಗ ನನ್ನ ಜೀವ ಬಾಯಿಗೆ ಬಂದಿತ್ತು. ಮರೆತಳೋ ಏನೋ ಅಂತ. ಆಮೇಲೆ ಬಂದು ಮಡಿಲಲ್ಲಿ ಕೂತು, ಬಾಯಿ ತೆರೆದು ಹಲ್ಲು ಬಿದ್ದ ಜಾಗ ತೋರಿಸಿದಳು. ಹೆಚ್ಚು ಭಾರ ಆಗಿದ್ದಾಳೆ. ಕಾಲು ಜೋಮು ಹಿಡಿಯಿತು, ಇಳಿಸಲಿಲ್ಲ. ನಾವಿಬ್ಬರೂ ಬಿಗಿದುಕೊಂಡು ಕೂತಿದ್ದು ನೋಡಿ ತರನ್ನುಮ್, 'ಏನ್ರೀ ಇದು, ಇಬ್ರೂ ಬಾಯಾಗ ಅಡಕಿ ಇಟ್ಕೊಂಡೀರೇನ?' ಅಂದಾಗ ನೀನು ಬಾಯಿಗೆ ಸೆರಗು ಮುಚ್ಚಿ ನಕ್ಕದ್ದು ನನಗೆ ಕಾಣಲಿಲ್ಲ. ಮಧು ಹೇಳಿದಳು, 'ದೊಡ್ಡವ್ವಾ, ಅವ್ವ ನಗಾಕತ್ತಾಳ' ಅಂತ. ನಾನೂ ಅವಳ ಕಿವಿಯಲ್ಲಿ, 'ನಗ್ಲಿ ಬಿಡು' ಅಂದೆ. ಅದು ನಿನಗೆ ಆಡಿದ ಮಾತಲ್ಲ, ಅವಳಿಗೆ ಆಡಿದ್ದು. ಆಣೆ ಉಳಿಯಿತು.

ತರನ್ನುಮ್ ಹಾಲು ತರಿಸಿ ಬಸಿಗೆ ಸುರಿದು ನನ್ನ ಮುಂದೆ ಇಟ್ಟಳು. ಊದಲು ಬಾಯಿ ಹತ್ತಿರ ತಂದೆ. ನೀನು ಮುಖ ಆಕಡೆ ತಿರುಗಿಸಿದ್ದು ನೋಡಿದೆ. ಅದಕ್ಕೇ ಬಸಿಯನ್ನು ನಿನ್ನ ಕೈಗೆ ಕೊಟ್ಟೆ. ನಿನ್ನ ಮಣಿಕಟ್ಟು ಹಿಡಿದು ಬಸಿಯನ್ನು ಓರೆ ಮಾಡಿ, ಹತ್ತಿರದ ಅಂಚಿನಿಂದ ಆಚೆ ಅಂಚಿಗೆ ಊದಿ ತೋರಿಸಿದೆ. ಗಂಗಾ, ಅವಳಿಗೆ ಕೆನೆ ತುಟಿಗೆ ಹತ್ತಿದರೆ ಆಗುವುದಿಲ್ಲ. ಹಾಗೆ ಊದಿದರೆ ಕೆನೆ ಆಚೆ ದಡಕ್ಕೆ ಹೋಗಿ ನಿಲ್ಲುತ್ತದೆ, ಈಚೆಯಿಂದ ಅವಳು ಕುಡಿಯುತ್ತಾಳೆ. ಇಷ್ಟೇ ಇದ್ದದ್ದು. ಇದನ್ನು ಪತ್ರದಲ್ಲಿ ಮೊದಲೇ ಬರೆಯಬಹುದಿತ್ತು. ಬರೆಯಲಿಲ್ಲ. ನನ್ನದು ಅಂತ ಅದೊಂದೇ ಉಳಿದಿತ್ತು.

ನೀನು ಊದಿದೆ, ಅವಳು ತಳದ ತನಕ ಕುಡಿದಳು. ನಾನು ಬಳೆ ನೋಡುವವಳಂತೆ ಎದ್ದು ನಿಂತೆ, ಕಣ್ಣು ಒರೆಸಿಕೊಳ್ಳಬೇಕಿತ್ತು. ದುಃಖವೂ ಅಲ್ಲ, ಪೂರ್ತಿ ಸಂತೋಷವೂ ಅಲ್ಲ.

ಮನೆಯಲ್ಲಿ ಏಲಕ್ಕಿ ಹಾರ ತರಲು ಹಾವೇರಿಗೆ ಹೋಗುತ್ತೇನೆ ಅಂತ ಹೇಳಿ ಹೊರಟಿದ್ದೆ. ಬರಿಗೈಯಲ್ಲಿ ತಿರುಗಿ ಬಂದೆ, ಹಾರದ ನೆನಪೇ ಇರಲಿಲ್ಲ. ನಿನ್ನ ಭಾವ ನನ್ನ ಖಾಲಿ ಚೀಲ ನೋಡಿದರು. ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಾ, ತಲೆ ಎತ್ತದೆ, 'ಎತ್ತರ ಆಗ್ಯಾಳೇನು?' ಅಂದರು.

'ನನ್ನ ಎದಿಮಟ ಬರ್ತಾಳ' ಅಂದೆ. ರೊಟ್ಟಿ ಪೂರ್ತಿ ತಿನ್ನಲಿಲ್ಲ ಅವರು.

ನಾಗಲಕ್ಷ್ಮಿ


ರಾಣೆಬೆನ್ನೂರು
11-4-2024

ವೈನಿ,

ಅಕ್ಷರ ಬೇರೆ ಇದೆ ಅಂತ ಹೆದರಬೇಡಿ, ನಾನು ನಿಮ್ಮ ಮೈದುನ, ಪುಂಡಲೀಕ. ಗಂಗಾ ಚೆನ್ನಾಗಿದ್ದಾಳೆ. ನಿಮ್ಮ ಪತ್ರಗಳನ್ನು ಅವಳು ಜೋಳದ ಡಬ್ಬಿಯ ಹಿಂದೆ ಇಡುತ್ತಾಳೆ ಅಂತ ಮೊದಲಿನಿಂದ ಗೊತ್ತು. ಓದಿಲ್ಲ. ಡಬ್ಬಿ ಸರಿಸಿ ನೋಡಿ, ಮತ್ತೆ ಸರಿಸಿ ಇಟ್ಟಿದ್ದೇನೆ.

ಕಪ್ಪಿನಲ್ಲಿ ಹುಟ್ಟಿದ ಸಸಿ ಯಾವ ಅಂಗಳದ್ದು ಅಂತಲೂ ಗೊತ್ತಿತ್ತು. ಬೀಜ ಮಾರುವವನು ನಾನು. ನಮ್ಮ ಅವ್ವನ ಕಪ್ಪು, ನಮ್ಮ ಊರಿನ ಮಣ್ಣು, ಅದರಲ್ಲಿ ಮೆಣಸು. ತರನ್ನುಮ್ ಹೆಸರು ಹೇಳಿದರೆ ನಂಬಲು ನಾನೇನು ಹಾಲು ಕುಡಿಯುವ ಕೂಸೇ? ಸುಮ್ಮನೆ ಬಿಸಿಲಿಗೆ ಇಟ್ಟೆ. ಕೆಳಗೆ ನೀರು ಸೋರಿ ಬೀಜದ ಪಾಕೀಟು ನೆನೆಯುತ್ತಿತ್ತು, ಒಂದು ಬಸಿ ಇಟ್ಟೆ. ಇಟ್ಟ ಮೇಲೆ ನೋಡಿದರೆ ಒಂದೂವರೆ ವರ್ಷದ ಮೇಲೆ ಆ ಕಪ್ಪು ಬಸಿ ಕೂಡಿದ್ದವು. ತೆಗೆಯಬೇಕು ಅನ್ನಿಸಿತು, ತೆಗೆಯಲಿಲ್ಲ.

ಈಗ ಬರೆಯುವ ಕಾರಣ ಹೇಳುತ್ತೇನೆ. ಯುಗಾದಿಯ ದಿನ ಆ ಗಿಡವನ್ನು ದೊಡ್ಡ ಕುಂಡಕ್ಕೆ ಬದಲಿಸಲು ಕಪ್ಪನ್ನು ಬೋರಲು ಹಾಕಿದೆ. ತಳದಲ್ಲಿ ಎರಡು ತೂತು ಕಂಡವು. ಒಂದರ ಪಕ್ಕ ಒಂದು, ಬೆರಳಿನಷ್ಟು ಅಂತರ.

ನೀರು ಹೋಗಲು ಒಂದು ಸಾಕು ವೈನಿ. ಎರಡು ಕೊರೆಯುವವನು ಈ ಲೋಕದಲ್ಲಿ ಒಬ್ಬನೇ ಇದ್ದಾನೆ. ನಾನು ಮಧುವಿನಷ್ಟಿದ್ದಾಗ ಅಣ್ಣ ಒಡೆದ ಹಂಚಿನ ಚೂರು ಉಜ್ಜಿ ದುಂಡಗೆ ಮಾಡಿ, ಒದ್ದೆ ಮರಳು ಹಾಕಿ ಮೊಳೆ ತಿರುವಿ ತಿರುವಿ ನಡುವೆ ಎರಡು ತೂತು ಕೊರೆಯುತ್ತಿದ್ದ. ದಾರ ಪೋಣಿಸಿ ಎರಡೂ ಕೈಯಲ್ಲಿ ಎಳೆದರೆ ಗುಂಯ್ ಅಂತ ತಿರುಗುತ್ತಿತ್ತು. ಅವನ ಅಂಗೈಯಲ್ಲಿ ಬೊಬ್ಬೆ ಏಳುತ್ತಿದ್ದವು. ಒಂದೇ ತೂತು ಸಾಕು ಬಿಡಣ್ಣಾ ಅಂತ ನಾನು ಅಂದರೆ, 'ಒಂದ ತೂತಿದ್ರ ತಿರಗೂದಿಲ್ಲೋ ಹುಚ್ಚಪ್ಪಾ, ಎರಡು ಇರಬೇಕು' ಅನ್ನುತ್ತಿದ್ದ. ಆ ಆಟಿಕೆಯನ್ನು ನನಗೆ ಕೊಟ್ಟು ತಾನು ಬರಿಗೈಯಲ್ಲಿ ಕೂತು ನೋಡುತ್ತಿದ್ದ.

ಈಗ ಗಿಡಕ್ಕೂ ಎರಡು ಕೊರೆದಿದ್ದಾನೆ. ನನ್ನನ್ನು ನೆನೆಸಿಕೊಂಡು ಕೊರೆದನೋ, ಕೈಗೆ ಅಷ್ಟೇ ಗೊತ್ತು ಅಂತ ಕೊರೆದನೋ, ನನಗೆ ತಿಳಿಯದು. ಕಪ್ಪು ಹಿಡಿದುಕೊಂಡು ಹಬ್ಬದ ದಿನ ಅಂಗಡಿಯ ಹಿಂದೆ ಕೂತುಬಿಟ್ಟೆ. ಬೇವು ಬೆಲ್ಲಕ್ಕೆ ಗಂಗಾ ಕರೆದರೂ ಏಳಲಾಗಲಿಲ್ಲ.

ಆಡಬಾರದ್ದನ್ನು ಆಡಿದವರು ನಾನು ಮತ್ತು ಅಣ್ಣ. ಆಣೆ ಹಾಕಿದವರು ನೀವು ಮತ್ತು ಗಂಗಾ. ಎಂಥ ನ್ಯಾಯ ಮಾಡಿದೆವು ನೋಡಿ. ನನ್ನ ಕಡೆಯಿಂದ ಆ ಆಣೆ ಬಿಡಿಸಿದ್ದೇನೆ, ದೇವರ ಮುಂದೆ ನಿಂತು ಗಂಗಾಳಿಗೆ ಹೇಳಿದ್ದೇನೆ.

ಶಾಲೆಗೆ ಸೂಟಿ ಬಿಟ್ಟಿದೆ. ಬರುವ ಐತವಾರ ನಾವು ಮೂರೂ ಮಂದಿ ಬರುತ್ತೇವೆ. ಸೂಟಿ ಮುಗಿಯುವ ತನಕ ಮಧು ನಿಮ್ಮ ಹತ್ತಿರ ಇರಲಿ. ಇದು ಗಂಗಾಳೇ ಹೇಳಿದ ಮಾತು, ನಾನು ಹೇಳಿಸಿದ್ದಲ್ಲ. ಹೊಸ್ತಿಲ ಹೊರಗೆ ನಿಲ್ಲುತ್ತೇನೆ. ಅಣ್ಣ ಒಳಗೆ ಬಾ ಅಂದರೆ ಬರುತ್ತೇನೆ. ಅನ್ನದಿದ್ದರೆ ಕೂಸನ್ನು ನಿಮ್ಮ ಕೈಗೆ ಕೊಟ್ಟು ಮುಂದಿನ ಬಸ್ಸಿಗೆ ತಿರುಗಿ ಹೋಗುತ್ತೇನೆ, ಅವನ ಮೇಲೆ ಸಿಟ್ಟಿಲ್ಲ ಅಂತ ಹೇಳಿ.

ಉಳಿದ ಐದು ಬಸಿಗಳನ್ನೂ ತರುತ್ತಿದ್ದೇವೆ. ಮೊಳಕೆಗೆ ಬೇರೆ ತಟ್ಟೆ ನೋಡಿಕೊಂಡೆ. ಮಧು ಅವನ್ನು ಯಾರ ಕೈಗೂ ಕೊಡುವುದಿಲ್ಲವಂತೆ, ತನ್ನ ಮಡಿಲಲ್ಲೇ ಇಟ್ಟುಕೊಂಡು ಬರುತ್ತಾಳಂತೆ. ಬಸ್ಸು ಕುಲುಕುತ್ತದೆ, ಹಾದಿಯಲ್ಲಿ ಒಡೆದರೆ ಏನು ಮಾಡುತ್ತೀ ಅಂತ ಕೇಳಿದೆ.

'ಒಡದ್ರೂ ದೊಡ್ಡವ್ವ ಇಟ್ಕೊತಾಳಪ್ಪಾ' ಅಂದಳು.

ನಾನೂ ಅದೇ ಧೈರ್ಯದ ಮೇಲೆ ಬರುತ್ತಿದ್ದೇನೆ, ವೈನಿ.

ನಿಮ್ಮ ಮೈದುನ
ಪುಂಡಲೀಕ